ಬಾಗಿಲು ಅಗಲ, ಹೊಸ್ತಿಲು ಎತ್ತರ: ಬಾಂಜುಲ್ ಮಾನವ ಹಕ್ಕು ಆಯೋಗದ ದೂರು ಸರ್ವಿಸ್ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಬಾಂಜುಲ್‌ನಲ್ಲಿರೋ ಆಫ್ರಿಕದ ಮಾನವ ಹಕ್ಕು ಆಯೋಗಕ್ಕೆ ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದೂವರೆ ಸ್ಟಾರ್ ಬರೀ ಒಂದು ಕಾರಣಕ್ಕೆ, ಹತ್ತಾರು ಬಿಡಿ ದೂರುಗಳನ್ನ ಒಂದೇ ಫೈಲಿಗೆ ಸೇರಿಸಿ ನೋಡೋ ಅವರ ಅಭ್ಯಾಸಕ್ಕೆ. ಉಳಿದ ಎರಡು ಸ್ಟಾರ್ ಯಾಕೆ ಕಟ್ ಆಯ್ತು ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ, ಸ್ವಲ್ಪ ಉದ್ದ ಇದೆ, ಟೈಮ್ ಮಾಡ್ಕೊಂಡು ಓದಿ.

ನಾನು ಇಲ್ಲಿ ದೂರು ಹಾಕಿದವನಲ್ಲ, ಇವರು ಕೊಟ್ಟಿರೋ ತೀರ್ಮಾನಗಳನ್ನ ಓದೋ ಗೀಳು ಹತ್ತಿಸ್ಕೊಂಡವನು ಅಷ್ಟೇ. ಹಾಗಾಗಿ ಆಫೀಸಲ್ಲಿ ಫೋನ್ ಎತ್ತುತ್ತಾರಾ, ಸ್ಟಾಫ್ ಮರ್ಯಾದೆಯಾಗಿ ಮಾತಾಡ್ತಾರಾ ಅನ್ನೋದನ್ನೆಲ್ಲ ನನ್ನ ಕೇಳ್ಬೇಡಿ. ದೂರು ಒಳಗೆ ಹೋಗೋ ದಾರಿ ಹೇಗಿದೆ, ಎಲ್ಲಿ ಮುಗ್ಗರಿಸ್ತೀವಿ, ಯಾರ ದೂರಿನ ಜೊತೆ ನಮ್ಮ ದೂರು ಅಂಟ್ಕೊಂಡ್ರೆ ಏನಾಗುತ್ತೆ, ಈ ರಿವ್ಯೂ ಅಷ್ಟಕ್ಕೆ ಮಾತ್ರ.

ಗೊತ್ತಿಲ್ಲದವರಿಗೆ ಎರಡು ಮಾತು. ಆಫ್ರಿಕದ ದೇಶಗಳು 1981ರಲ್ಲಿ ನೈರೋಬಿಯಲ್ಲಿ ಒಪ್ಕೊಂಡ ಮಾನವ ಮತ್ತು ಜನರ ಹಕ್ಕುಗಳ ಚಾರ್ಟರ್ ಅಂತ ಒಂದಿದೆ, ಜಾರಿಗೆ ಬಂದಿದ್ದು 1986ರ ಅಕ್ಟೋಬರ್ 21ಕ್ಕೆ. ಅದನ್ನ ಕಾಯೋಕೆ ಅಂತ 1987ರಲ್ಲಿ ಶುರುವಾಗಿದ್ದು ಈ ಆಯೋಗ, ಆಫೀಸ್ ಇರೋದು ಗ್ಯಾಂಬಿಯಾದ ಬಾಂಜುಲ್‌ನಲ್ಲಿ. ಹನ್ನೊಂದು ಜನ ಸದಸ್ಯರು, ಆರು ವರ್ಷದ ಅವಧಿ, ಯಾರಿಗೂ ಇದು ಫುಲ್ ಟೈಮ್ ಕೆಲಸ ಅಲ್ಲ, ಸೆಷನ್ ಇದ್ದಾಗ ಸೇರ್ತಾರೆ. ಇದು ಕೋರ್ಟ್ ಅಲ್ಲ ಅನ್ನೋದು ನೆನಪಿರ್ಲಿ, ಕೊನೆಗೆ ಕೊಡೋದು ಶಿಫಾರಸು. ದೂರನ್ನ ಇವರು ಕರೆಯೋದು ಕಮ್ಯುನಿಕೇಷನ್ ಅಂತ, ಪ್ರತಿಯೊಂದಕ್ಕೂ ಒಂದು ನಂಬರು, ಸ್ಲ್ಯಾಶ್ ಹಾಕಿ ವರ್ಷ. 155/96 ಅಂದ್ರೆ ನೈಜೀರಿಯಾದ ಒಗೋನಿ ಜನರ ಎಣ್ಣೆ ಗಲೀಜಿನ ಕೇಸು. ಈ ನಂಬರಿನ ಪದ್ಧತಿ ಮುಂದೆ ಜಾಯಿಂಡರ್, ಅಂದ್ರೆ ಬಿಡಿ ದೂರುಗಳನ್ನ ಒಂದೇ ಫೈಲಿಗೆ ಸೇರಿಸೋ ವಿಷಯಕ್ಕೆ ಬಂದಾಗ ಬಹಳ ಉಪಯೋಗಕ್ಕೆ ಬರುತ್ತೆ, ಯಾವ ದೂರು ಎಷ್ಟು ವರ್ಷ ಕಾದಿದೆ ಅಂತ ನಂಬರ್ ನೋಡಿದ್ರೇನೇ ಗೊತ್ತಾಗಿಬಿಡುತ್ತೆ.

ಮೊದಲು ಖುಷಿಯ ವಿಷಯ. ಫೀಸ್ ಇಲ್ಲ. ವಕೀಲರೇ ಬೇಕು ಅಂತಿಲ್ಲ. ಅನ್ಯಾಯ ಆಗಿರೋದು ನಿಮಗೇ ಆಗಿರ್ಬೇಕು ಅಂತಾನೂ ಇಲ್ಲ, ಇದು ನಿಜವಾಗ್ಲೂ ದೊಡ್ಡ ವಿಷಯ ಕಣ್ರೀ. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ಕೋರ್ಟಿಗೆ ಹೋದ್ರೆ ಸಂತ್ರಸ್ತ ನೀನೇನಾ ಅಂತ ಮೊದಲು ಕೇಳ್ತಾರೆ, ಇಲ್ಲಿ ಆ ಗೋಜಿಲ್ಲ. ಒಗೋನಿ ಕೇಸಲ್ಲಿ ದೂರು ಕೊಟ್ಟಿದ್ದು ನೈಜೀರಿಯಾದ ಒಂದು ಸಂಸ್ಥೆ ಜೊತೆಗೆ ನ್ಯೂಯಾರ್ಕಿನ ಇನ್ನೊಂದು ಸಂಸ್ಥೆ, ಒಗೋನಿ ಊರಿನವರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಲೇಬೇಕು ಅಂತ ಯಾರೂ ಹಠ ಮಾಡ್ಲಿಲ್ಲ. ಹೆಸರು ಹೇಳೋಕೆ ಭಯ ಇದ್ರೆ ಅದಕ್ಕೂ ದಾರಿ ಇದೆ, ಆಯೋಗಕ್ಕೆ ಹೆಸರು ಕೊಡ್ಬೇಕು, ಆದ್ರೆ ಸರ್ಕಾರಕ್ಕೆ ಹೇಳ್ಬೇಡಿ ಅಂತ ಕೇಳ್ಕೋಬಹುದು. ಬಾಗಿಲು ಅಗಲ ಅಂದಿದ್ದು ಇದಕ್ಕೇ.

ಇನ್ನು ಹೊಸ್ತಿಲು. ಚಾರ್ಟರಿನ 56ನೇ ವಿಧಿಯಲ್ಲಿ ಏಳು ಷರತ್ತು ಇದೆ, ಏಳೂ ಪಾಸಾಗ್ಬೇಕು, ಆರು ಪಾಸಾಗಿ ಒಂದು ಫೇಲ್ ಆದ್ರೂ ವಾಪಸ್. ಎಲ್ಲಾ ಏಳನ್ನೂ ಇಲ್ಲಿ ಹೇಳ್ತಾ ಕೂರಲ್ಲ, ಒಂದೆರಡು ಹೆಸರು ವಿಳಾಸದ ಥರದ ಫಾರ್ಮಾಲಿಟಿ, ಇನ್ನೊಂದು ಇದೇ ವಿಷಯ ಆಗ್ಲೇ ಬೇರೆ ಅಂತಾರಾಷ್ಟ್ರೀಯ ವೇದಿಕೇಲಿ ಇತ್ಯರ್ಥ ಆಗಿರಬಾರದು ಅನ್ನೋದು. ತಲೆ ಕೆಡಿಸೋದು ನಾಲ್ಕೇ ನಾಲ್ಕು.

ಒಂದನೇದು, ನನ್ನ ಪ್ರಕಾರ ಇಡೀ ಚಾರ್ಟರಿನಲ್ಲಿ ಅತೀ ಬೇಡದ ಸಾಲು, ದೂರಲ್ಲಿ ಸರ್ಕಾರದ ಬಗ್ಗೆ ಅವಮಾನಕರ ಭಾಷೆ ಇರಬಾರದು ಅನ್ನೋದು. ಕ್ಯಾಮರೂನ್ ಮೇಲೆ ಬಂದ 65/92 ಓದಿ. ಅಲ್ಲಿನ ಮಾನವ ಹಕ್ಕು ಸಂಘಟನೆಯವರು ಚಿತ್ರಹಿಂಸೆ, ಕಾನೂನುಬಾಹಿರ ಬಂಧನ ಅಂತ ಗಂಭೀರವಾದ ಆರೋಪಗಳನ್ನೇ ಬರೆದಿದ್ರು, ಆದ್ರೆ ಜೊತೆಗೆ ಚಿತ್ರಹಿಂಸೆ ಕೊಡುವವರ ಆಡಳಿತ, ಸರ್ಕಾರದ ಬರ್ಬರತೆ, ಅಧ್ಯಕ್ಷ ಪಾಲ್ ಬಿಯಾ ಮಾನವತೆಯ ವಿರುದ್ಧದ ಅಪರಾಧಗಳಿಗೆ ಉತ್ತರ ಕೊಡ್ಬೇಕು ಅನ್ನೋ ಥರದ ಮಾತೂ ಇತ್ತು. ಆಯೋಗ ಇದು ಅವಮಾನಕರ ಭಾಷೆ ಅಂತ ಹೇಳಿ ಅಡ್ಮಿಸಿಬಲ್ ಅಲ್ಲ, ಅಂದ್ರೆ ವಿಚಾರಣೆಗೇ ತಗೊಳಲ್ಲ ಅಂದ್ಬಿಡ್ತು. ಹೊಡೆತ ತಿಂದವನು ಅಳೋದಾದ್ರೂ ರಾಗವಾಗಿ ಅಳು ಅಂದ ಹಾಗಾಯ್ತು. ಚಿತ್ರಹಿಂಸೆ ಆಗಿದೆ ಅಂತ ದೂರು ಕೊಡೋನು ಚಿತ್ರಹಿಂಸೆ ಕೊಟ್ಟವನನ್ನ ಏನಂತ ಕರೀಬೇಕಿತ್ತು ಅಂತ ಯಾರಾದ್ರೂ ಹೇಳಿ ನೋಡೋಣ. ಅರ್ಧ ಸ್ಟಾರ್ ಇಲ್ಲೇ ಕಟ್.

ಎರಡನೇದು ಪೇಪರ್ ಟೀವಿ ಸುದ್ದಿಯನ್ನೇ ಆಧಾರ ಮಾಡ್ಕೊಂಡು ದೂರು ಬರೀಬಾರದು ಅನ್ನೋದು. ಇದನ್ನ ಓದಿದಾಗ ನಂಗೂ ಮೊದಲು ಭಯ ಆಯ್ತು, ಯಾಕಂದ್ರೆ ಜೈಲೊಳಗೆ ಏನಾಯ್ತು ಅಂತ ಹೊರಗಿರೋರಿಗೆ ಗೊತ್ತಾಗೋದೇ ಪತ್ರಿಕೆಯಿಂದ ಅಲ್ವಾ. ಆದ್ರೆ ಇಲ್ಲಿ ಆಯೋಗ ಬುದ್ಧಿವಂತಿಕೆ ತೋರ್ಸಿದೆ. ಗ್ಯಾಂಬಿಯಾ ಸರ್ಕಾರದ ಮೇಲೆ ಅಲ್ಲಿನ ಮಾಜಿ ಅಧ್ಯಕ್ಷ ಜವಾರಾ ಹಾಕಿದ ಕೇಸಲ್ಲಿ ಸರ್ಕಾರ ಇದೇ ಆಕ್ಷೇಪ ಎತ್ತಿದಾಗ, ಬರೀ ಮಾಧ್ಯಮದ ಸುದ್ದಿ ಒಂದನ್ನೇ ನಂಬೋದು ಅಪಾಯ, ಆದ್ರೆ ಸ್ವಲ್ಪ ಭಾಗ ಮಾಧ್ಯಮದಿಂದ ಬಂದಿದೆ ಅಂತ ದೂರನ್ನೇ ತಳ್ಳಿಹಾಕೋದೂ ಅಷ್ಟೇ ಹಾನಿ, ಮಾಹಿತಿ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದು ಸರಿ ಇದ್ಯಾ ಅನ್ನೋದು ಮುಖ್ಯ ಅಂತ ಹೇಳ್ತು. ಭೇಷ್.

ಮೂರನೇದು ಎಲ್ಲಾ ಕಡೆ ಇರೋ ದೊಡ್ಡ ರಾಯರು, ನಿಮ್ಮ ದೇಶದ ಕೋರ್ಟುಗಳ ಮೆಟ್ಟಿಲೆಲ್ಲ ಹತ್ತಿ ಮುಗಿಸಿದ್ರಾ ಅನ್ನೋ ಪ್ರಶ್ನೆ. ಲೋಕಲ್ ರೆಮಿಡೀಸ್ ಎಕ್ಸಾಸ್ಟ್ ಆಗಿದ್ಯಾ ಅಂತಾರೆ ವಕೀಲರ ಬಾಯಲ್ಲಿ. ವಾಷಿಂಗ್ಟನ್‌ನಲ್ಲಿರೋ ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗ ಆಗ್ಲಿ ಸ್ಟ್ರಾಸ್‌ಬರ್ಗ್ ಆಗ್ಲಿ ಇದಿಲ್ಲದೆ ಯಾರೂ ಒಳಗೆ ಬಿಡಲ್ಲ, ಬಹಳಷ್ಟು ದೂರುಗಳು ಮಣ್ಣು ಮುಕ್ಕೋ ಜಾಗ ಇದು. ಬಾಂಜುಲ್‌ನವರು ಇಲ್ಲಿ ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಒಳ್ಳೇದೂ ಇಲ್ಲೇ ಇದೆ ಕೆಟ್ಟದ್ದೂ ಇಲ್ಲೇ ಇದೆ.

ಒಳ್ಳೇದು ಅಂದ್ರೆ ಅದೇ ಜವಾರಾ ಕೇಸು. ಸರ್ ದಾವ್ದಾ ಜವಾರಾ ಗ್ಯಾಂಬಿಯಾದ ಅಧ್ಯಕ್ಷರಾಗಿದ್ದವರು, 1994ರ ಜುಲೈನಲ್ಲಿ ಯಾಹ್ಯಾ ಜಾಮ್ಮೆ ಮತ್ತವನ ಸೈನಿಕರು ಅವರನ್ನ ಇಳಿಸಿದ್ರು. ಗಮನಿಸಿ, ಆಯೋಗದ ಆಫೀಸ್ ಇರೋದೇ ಆ ದೇಶದ ರಾಜಧಾನಿಯಲ್ಲಿ, ಅಂದ್ರೆ ಮನೆ ಮಾಲೀಕನ ಮೇಲೇ ದೂರು. ಕಳಿಸಿದ ದೂರುಗಳು ಎರಡು, 147/95 ಮತ್ತು 149/96, ಆಯೋಗ ಎರಡನ್ನೂ ಸೇರಿಸಿ ಒಂದೇ ತೀರ್ಮಾನ ಕೊಡ್ತು. ಸರ್ಕಾರದ ವಾದ ಏನು ಅಂದ್ರೆ ಇವರು ಗ್ಯಾಂಬಿಯಾದ ಕೋರ್ಟಿಗೆ ಬಂದೇ ಇಲ್ಲ ಅಂತ. ಅಲ್ಲಯ್ಯಾ, ದೇಶಕ್ಕೆ ಕಾಲಿಟ್ರೆ ಜೀವಕ್ಕೇ ಗ್ಯಾರಂಟಿ ಇಲ್ಲ, ಮಂತ್ರಿಗಳಾಗಿದ್ದವರೆಲ್ಲ ಬಂಧನದಲ್ಲಿ, ಕೋರ್ಟಿನ ಅಧಿಕಾರವನ್ನೇ ಕಿತ್ತುಕೊಳ್ಳೋ ಮಿಲಿಟರಿ ಡಿಕ್ರಿಗಳು (ಆಜ್ಞೆಗಳು) ಬೇರೆ. ಆಯೋಗ ಆಗ ಹೇಳಿದ ಮಾತು ಇವತ್ತಿಗೂ ಎಲ್ಲರೂ ಎತ್ತಿ ಹೇಳೋ ಅಳತೆಗೋಲು. ಪರಿಹಾರ ಅಂದ್ರೆ ಮೂರು ಗುಣ ಇರ್ಬೇಕು, ಅಡ್ಡಿಯಿಲ್ಲದೆ ಕೈಗೆ ಸಿಗೋ ಹಾಗಿರ್ಬೇಕು, ಗೆಲ್ಲೋ ಸಾಧ್ಯತೆ ಇರ್ಬೇಕು, ಆಗಿರೋ ಅನ್ಯಾಯವನ್ನ ನಿಜವಾಗಿ ಸರಿಪಡಿಸೋ ತಾಕತ್ತಿರ್ಬೇಕು. ಕಾಗದದ ಮೇಲೆ ಕೋರ್ಟ್ ಇದ್ರೆ ಸಾಲದು. ಪ್ರಾಣಭಯ ಇರೋ ಮನುಷ್ಯನಿಗೆ ವಾಪಸ್ ಹೋಗಿ ಅಲ್ಲೇ ಕೇಸ್ ಹಾಕು ಅನ್ನೋದು ಸಾಮಾನ್ಯ ಬುದ್ಧಿಗೇ ಅವಮಾನ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ.

ಆದ್ರೆ ನನ್ನ ಫೇವರಿಟ್ ಜವಾರಾ ಅಲ್ಲ, ಅದೇ ಗ್ಯಾಂಬಿಯಾದ 241/01. ಬಾಂಜುಲ್‌ನ ಆಸ್ಪತ್ರೆಯ ಕಾಂಪಾಮಾ ಅನ್ನೋ ಮಾನಸಿಕ ರೋಗಿಗಳ ಘಟಕದಲ್ಲಿ ಇದ್ದವರ ಪರವಾಗಿ ಇಬ್ಬರು ಹಾಕಿದ ದೂರು. ಅಲ್ಲಿ ಜನರನ್ನ ಕೂಡಿಹಾಕ್ತಿದ್ದ ಕಾನೂನಿನ ಹೆಸರೇ ಹುಚ್ಚರ ಬಂಧನ ಕಾಯ್ದೆ ಅನ್ನೋ ಥರದ್ದು, ಅದೂ 1917ರ ಕಾಲದ್ದು. ಸರ್ಕಾರ ಏನಂತು? ಬೇಕಿದ್ರೆ ಕಾಮನ್ ಲಾ (ಹಳೇ ತೀರ್ಪುಗಳಿಂದ ಬೆಳೆದ ಕಾನೂನು) ಪ್ರಕಾರ ಕೋರ್ಟಿಗೆ ಹೋಗ್ಬಹುದಿತ್ತು, ಸಂವಿಧಾನ ಇದೆ, ಎಲ್ಲಾ ಇದೆ. ಆದ್ರೆ ಇಂಥವರಿಗೆ ಉಚಿತ ಕಾನೂನು ನೆರವು ಇಲ್ಲ, ಈ ಜನ ಯಾರು ಅಂದ್ರೆ ಬೀದಿಯಿಂದಲೋ ಬಡ ಮನೆಯಿಂದಲೋ ಎತ್ಕೊಂಡು ಬಂದು ಹಾಕಿದವರು. ಆಯೋಗ ಸಾಮಾನ್ಯವಾಗಿ ಪರಿಹಾರ ಇದ್ಯಾ ಅಂತ ಕೇಳದೆ ಈ ರೋಗಿಗಳಿಗೆ, ಇವರ ಸ್ಥಿತಿಯಲ್ಲಿ, ಇದ್ಯಾ ಅಂತ ಕೇಳ್ತು. ದುಡ್ಡಿದ್ದವರಿಗೆ ಮಾತ್ರ ಸಿಗೋ ಪರಿಹಾರ ಇವರಿಗೆ ಪರಿಹಾರವೇ ಅಲ್ಲ ಅಂತ ಹೇಳಿ ಒಳಗೆ ಬಿಟ್ಕೊಳ್ತು. ಎಷ್ಟು ಕೋರ್ಟುಗಳು ಇಷ್ಟು ಸರಳವಾಗಿ ಈ ಪ್ರಶ್ನೆ ಕೇಳಿವೆ ಹೇಳಿ.

ನೈಜೀರಿಯಾದ ಮಿಲಿಟರಿ ಕಾಲದ 60/91 ಕೂಡ ಹಂಗೇ. ದರೋಡೆ ಕೇಸಿಗೆ ವಿಶೇಷ ಟ್ರಿಬ್ಯೂನಲ್, ಮರಣದಂಡನೆ, ಮೇಲ್ಮನವಿ ಇಲ್ಲ, ರಾಜ್ಯದ ಗವರ್ನರ್ ಮನಸು ಮಾಡಿದ್ರೆ ಒಪ್ಪಬಹುದು ಇಲ್ಲಾ ಬಿಡಬಹುದು. ಗವರ್ನರ್ ಕಾಲು ಹಿಡಿಯೋದೂ ಒಂದು ಪರಿಹಾರನಾ, ಅದನ್ನೂ ಮುಗಿಸಿ ಬರ್ಬೇಕಾ ಅಂದ್ರೆ ಬೇಡ, ಅದು ನ್ಯಾಯಾಂಗದ್ದೇ ಅಲ್ಲ ಬರೀ ಮರ್ಜಿ ಅಂತ ಆಯೋಗ ಹೇಳ್ತು.

ಈಗ ಕೆಟ್ಟದ್ದು. 299/05, ಇಥಿಯೋಪಿಯಾದ ಗಾಂಬೆಲಾದಲ್ಲಿ 2003ರ ಡಿಸೆಂಬರ್‌ನಲ್ಲಿ ಅನುವಾಕ್ ಜನರ ಹತ್ಯೆ ಆಯ್ತು ಅಂತ ಅವರ ಪರವಾದ ಒಂದು ಸಂಘಟನೆ ದೂರು ಕೊಡ್ತು. ಅಲ್ಲಿನ ಕೋರ್ಟಿಗೆ ಹೋದ್ರೆ ನ್ಯಾಯ ಸಿಗಲ್ಲ, ಭಯ ಇದೆ ಅಂತ ಬರೆದಿದ್ರು. ಆಯೋಗ ಏನಂತು, ಸಿಗಲ್ಲ ಅಂತ ಅನುಮಾನ ಪಟ್ರೆ ಸಾಲದು, ಒಂದ್ಸಲನಾದ್ರೂ ಪ್ರಯತ್ನ ಮಾಡ್ಬೇಕಿತ್ತು, ಅಡ್ಮಿಸಿಬಲ್ ಅಲ್ಲ. ಕಾನೂನಿನ ತರ್ಕ ಅರ್ಥ ಆಗುತ್ತೆ, ಪ್ರತಿಯೊಬ್ಬರೂ ನಮ್ಮ ಕೋರ್ಟ್ ಸರಿ ಇಲ್ಲ ಅಂತ ಹೇಳ್ಕೊಂಡು ನೇರ ಬಂದುಬಿಟ್ರೆ ಕಷ್ಟ. ಆದ್ರೆ ಮಾಜಿ ಅಧ್ಯಕ್ಷರಿಗೆ ಭಯ ಇದೆ ಅಂದ್ರೆ ಪರವಾಗಿಲ್ಲ, ಹಳ್ಳಿ ಜನರಿಗೆ ಭಯ ಇದೆ ಅಂದ್ರೆ ಪ್ರೂಫ್ ತಗೊಂಬಾ ಅನ್ನೋ ಥರ ಕಾಣುತ್ತೆ ನೋಡಿ, ಅದು ಚುಚ್ಚುತ್ತೆ. ವ್ಯತ್ಯಾಸ ಇರೋದು ದೂರು ಬರೆದ ರೀತೀಲಿ ಅಂತ ನನ್ನ ಲೆಕ್ಕ. ಜವಾರಾ ಕಡೆಯವರು ಡಿಕ್ರಿ ತೋರ್ಸಿದ್ರು, ಯಾರ್ಯಾರು ಒಳಗಿದ್ದಾರೆ ಅಂತ ತೋರ್ಸಿದ್ರು. ಅನುವಾಕ್ ಕಡೆಯವರ ದೂರಲ್ಲಿ ಹೇಳಿಕೆ ಜಾಸ್ತಿ ಇತ್ತು, ಆಧಾರ ಕಮ್ಮಿ ಇತ್ತು.

ನಾಲ್ಕನೇದು ಟೈಮು. ಸ್ಟ್ರಾಸ್‌ಬರ್ಗ್‌ನಲ್ಲಿ 2022ರ ಫೆಬ್ರವರಿ 1ರಿಂದ ನಾಲ್ಕು ತಿಂಗಳು, ವಾಷಿಂಗ್ಟನ್‌ನಲ್ಲಿ ಆರು ತಿಂಗಳು, ಕ್ಯಾಲೆಂಡರ್ ನೋಡ್ಕೊಂಡು ಕೂರಬಹುದು. ಇಲ್ಲಿ ಇರೋದು ಸಮಂಜಸವಾದ ಅವಧಿಯೊಳಗೆ ಅಂತ ಮಾತ್ರ. ಕೇಳೋಕೆ ಉದಾರವಾಗಿದೆ, ಬಳಸೋಕೆ ಹೋದ್ರೆ ಗಡಿಯಾರವೇ ಇಲ್ಲದ ರೇಸು. ಜಿಂಬಾಬ್ವೆಯ ಮಜುರು ಕೇಸಲ್ಲಿ, 308/05, ದೇಶ ಬಿಟ್ಟು ಹೋಗಿದ್ದ ಒಬ್ಬ ಮಾಜಿ ನ್ಯಾಯಾಧೀಶರು ಇಪ್ಪತ್ತೆರಡು ತಿಂಗಳಾದ್ಮೇಲೆ ದೂರು ಕೊಟ್ರು ಅಂತ ವಾಪಸ್ ಹೋಯ್ತು, ಬೇರೆ ಪ್ರಾದೇಶಿಕ ವ್ಯವಸ್ಥೆಗಳಲ್ಲಿ ಆರು ತಿಂಗಳು ವಾಡಿಕೆ ಅಂತ ಆಯೋಗ ಅಲ್ಲೇ ಹೇಳ್ತು. ಹಾಗಿದ್ರೆ ಮೊದಲೇ ಆರು ಅಂತ ಬರೀಬಹುದಿತ್ತಲ್ಲ ಸ್ವಾಮಿ. ಇನ್ನರ್ಧ ಸ್ಟಾರ್ ಕಟ್.

ಸರಿ, ಈಗ ಜಾಯಿಂಡರಿಗೆ ಬರ್ತೀನಿ. ಇದನ್ನ ಯಾರೂ ಸರಿಯಾಗಿ ಬರೆಯಲ್ಲ, ಎಲ್ಲರಿಗೂ ಅಂತಿಮ ತೀರ್ಪಿನ ಮೇಲೇ ಕಣ್ಣು. ನಿಯಮ ಸಿಂಪಲ್ಲಾಗಿದೆ. ಒಂದೇ ದೇಶದ ಮೇಲೆ ಎರಡೋ ಹೆಚ್ಚೋ ದೂರು ಬಂದು, ಅವುಗಳಲ್ಲಿ ಒಂದೇ ಥರದ ಘಟನೆ ಇದ್ರೆ, ಅಥವಾ ಉಲ್ಲಂಘನೆಯ ಒಂದೇ ಧಾಟಿ ಕಂಡ್ರೆ, ಆಯೋಗ ಅವನ್ನ ಸೇರಿಸಿ ಒಂದೇ ದೂರಿನ ಹಾಗೆ ನೋಡಬಹುದು. ಸೇರಿಸಿದ್ರೆ ನ್ಯಾಯಕ್ಕೆ ತೊಂದರೆ ಅನ್ಸಿದ್ರೆ ಸೇರಿಸದೇ ಇರಬಹುದು, ಬಿಡಿಸಲೂಬಹುದು. ಅಮೆರಿಕಗಳ ಆಯೋಗದ ನಿಯಮಾವಳಿಯಲ್ಲೂ ಹೆಚ್ಚುಕಮ್ಮಿ ಇದೇ ಇದೆ. ನೋಡೋಕೆ ಇದು ಗುಮಾಸ್ತರ ಕೆಲಸ, ಫೈಲು ಕಟ್ಟೋ ವಿಷಯ. ಆದ್ರೆ ನನಗನ್ಸೋ ಪ್ರಕಾರ ಈ ಸರ್ವಿಸಿನ ಪ್ರಾಣ ಇರೋದೇ ಇಲ್ಲಿ, ಯಾಕಂದ್ರೆ ಫೈಲು ಒಂದಾದ ತಕ್ಷಣ ಮೇಲೆ ಹೇಳಿದ ಆ ಮೂರನೇ ಷರತ್ತಿನ ಬಲವೇ ಬದಲಾಗಿಬಿಡುತ್ತೆ.

ಹೇಗೆ ಅಂದ್ರೆ, ಝೈರ್ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಕೇಸ್ ತಗೊಳಿ, ಸರ್ವಾಧಿಕಾರಿ ಮೊಬುಟು ಕಾಲದ್ದು. 25/89, 47/90, 56/91, 100/93, ನಾಲ್ಕು ನಂಬರು, ನಾಲ್ಕು ಬೇರೆ ಬೇರೆ ಗುಂಪು, ನಾಲ್ಕೂ ಬೇರೆ ಬೇರೆ ದಿಕ್ಕಿನಿಂದ ಬಂದಿದ್ದು. ಒಂದರಲ್ಲಿ ಚಿತ್ರಹಿಂಸೆ, ಇನ್ನೊಂದರಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದವರಿಗೆ ಕಿರುಕುಳ, ಮತ್ತೊಂದರಲ್ಲಿ ಸರ್ಕಾರದ ದುಡ್ಡು ಪೋಲಾಗಿ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಕುಡಿಯೋ ನೀರಿಲ್ಲ, ಕರೆಂಟಿಲ್ಲ, ಯೂನಿವರ್ಸಿಟಿಗಳಿಗೆ ಬೀಗ. ಒಂದೊಂದನ್ನೇ ಬಿಡಿಯಾಗಿ ಇಟ್ಟಿದ್ರೆ ಒಬ್ಬೊಬ್ಬರಿಗೂ ಅದೇ ಪ್ರಶ್ನೆ ಬರ್ತಿತ್ತು, ಕಿನ್ಶಾಸದ ಕೋರ್ಟಿಗೆ ಹೋದ್ರಾ ಅಂತ. ಸೇರಿಸಿಟ್ಟಾಗ ಕಾಣೋದೇ ಬೇರೆ ಚಿತ್ರ, ಇದು ಯಾವನೋ ಒಬ್ಬ ಪೊಲೀಸ್ ಮಾಡಿದ ತಪ್ಪಲ್ಲ, ಇಡೀ ದೇಶ ನಡೀತಿರೋ ರೀತಿ. ಆಗ ಆಯೋಗ ಹೇಳಿದ್ದು, ಉಲ್ಲಂಘನೆ ಇಷ್ಟು ಗಂಭೀರವಾಗಿ ವ್ಯಾಪಕವಾಗಿ ಇದ್ದಾಗ ಒಬ್ಬೊಬ್ಬ ಸಂತ್ರಸ್ತನೂ ಲೋಕಲ್ ಕೋರ್ಟ್ ಹತ್ತಿ ಬಾ ಅನ್ನೋದು ಆಗದ ಹೋಗದ ಮಾತು, ಷರತ್ತನ್ನ ಅಕ್ಷರಶಃ ಹಿಡ್ಕೊಳೋಕಾಗಲ್ಲ ಅಂತ. ಅಂದ್ರೆ ಒಂಟಿಯಾಗಿ ಬಂದವನು ದಾಟೋಕಾಗದ ಹೊಸ್ತಿಲನ್ನ ನಾಲ್ಕು ಜನ ಸೇರಿದ್ರೆ ದಾಟಬಹುದು.

ಇದರ ದೊಡ್ಡ ಉದಾಹರಣೆ ಮಾರಿಟೇನಿಯಾ. ಅಲ್ಲಿನ ಕಪ್ಪು ಜನರನ್ನ 1980ರ ದಶಕದ ಕೊನೆ, 90ರ ಶುರುವಿನಲ್ಲಿ ಬಂಧಿಸಿದ್ದು, ಕೊಂದಿದ್ದು, 1989ರಲ್ಲಿ ಸಾವಿರಾರು ಜನರನ್ನ ದೇಶದಿಂದಲೇ ಅಟ್ಟಿದ್ದು. ಆ ತೀರ್ಮಾನದ ಮೇಲಿರೋ ನಂಬರುಗಳನ್ನ ನೋಡಿ: 54/91, 61/91, 98/93, ಆಮೇಲೆ 164/97ರಿಂದ 196/97ರವರೆಗೆ, ಕೊನೆಗೆ 210/98. ಮಧ್ಯದಲ್ಲಿರೋ ಆ ಉದ್ದನೆ ಸಾಲು ಇದೆಯಲ್ಲ, ಮೂವತ್ತಮೂರು ನಂಬರು, ಅದು ವಿಧವೆಯರು ಮತ್ತು ವಾರಸುದಾರರ ಒಂದು ಒಕ್ಕೂಟ ತಂದಿದ್ದು. ನನಗೆ ಆ ತೀರ್ಮಾನದ ಮೊದಲ ಪುಟವೇ ಸಾಕಾಯ್ತು, ಮುಂದೆ ಓದೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಒಳಗೆ ಹೋದ್ರೆ ವಾಲಾಟಾ ಜೈಲಿನ ವಿವರ ಬರುತ್ತೆ, ದಿನಕ್ಕೆ ಸ್ವಲ್ಪ ಅನ್ನ, ಮಾಂಸ ಇಲ್ಲ, ಉಪ್ಪೂ ಇಲ್ಲ, ಕೆಲವರು ಎಲೆ ಹುಲ್ಲು ತಿನ್ನಬೇಕಾಯ್ತು ಅಂತ. ಉಪ್ಪಿಲ್ಲ ಅನ್ನೋದನ್ನ ಯಾರೋ ನೆನಪಿಟ್ಕೊಂಡು ಹೇಳಿ, ಯಾರೋ ಅದನ್ನ ದೂರಿಗೆ ಸೇರಿಸಿ, ಅದು ತೀರ್ಮಾನದೊಳಗೂ ಉಳ್ಕೊಂಡಿದೆ.

ಇಲ್ಲಿ ಸರ್ಕಾರದ ಕೈಲಿ ಒಂದು ಅಸ್ತ್ರ ಇತ್ತು, 1993ರ ಕ್ಷಮಾದಾನ ಕಾನೂನು. ಅದರ ಪ್ರಕಾರ ಆ ಘಟನೆಗಳು ಅಪರಾಧವೇ ಅಲ್ಲ, ಅಂದ್ಮೇಲೆ ವಿಧವೆಯರು ಯಾವ ಕೋರ್ಟಿಗೆ ಹೋಗ್ಬೇಕು. ಆಯೋಗ ಆ ಕಾನೂನು ದೇಶದೊಳಗೆ ಏನೇ ಇರ್ಲಿ, ಚಾರ್ಟರಿಗೆ ಸಹಿ ಹಾಕಿದ ಹೊಣೆಯಿಂದ ತಪ್ಪಿಸ್ಕೊಳೋಕೆ ಗುರಾಣಿ ಆಗಲ್ಲ ಅಂತು. ಬಿಡಿಬಿಡಿಯಾಗಿದ್ರೆ ಇದೇ ಪ್ರಶ್ನೆ ಮೂವತ್ತಮೂರು ಸಲ ಮೂವತ್ತಮೂರು ಹೆಂಗಸರ ಮುಂದೆ ಬಂದು, ಒಬ್ಬಳು ಪಾಸಾಗಿ ಇನ್ನೊಬ್ಬಳು ಫೇಲಾಗಿ, ದೂರುಗಳೆಲ್ಲ ಹತ್ತರ ಜೊತೆ ಹನ್ನೊಂದು ಅಂತ ಕಪಾಟು ಸೇರ್ತಿದ್ವು. ಒಟ್ಟಿಗೆ ಇದ್ದಿದ್ರಿಂದ ಒಂದೇ ಉತ್ತರ ಎಲ್ಲರಿಗೂ ಸಾಕಾಯ್ತು. ಕೊನೆಯ ಶಿಫಾರಸುಗಳಲ್ಲಿ ವಿಧವೆಯರಿಗೆ ಪರಿಹಾರದ ಹಣ, ಕಾಣೆಯಾದವರ ಬಗ್ಗೆ ತನಿಖೆ, ಅಟ್ಟುವಾಗ ಕಿತ್ಕೊಂಡ ಗುರುತಿನ ಕಾಗದಗಳನ್ನ ಮತ್ತೆ ಮಾಡ್ಕೊಡೋದು, ಎಲ್ಲಾ ಬಂತು.

ಆದ್ರೆ ಬೆಲೆ ಏನು ಅಂತ ನಂಬರೇ ಹೇಳುತ್ತೆ. ತೀರ್ಮಾನ ಬಂದಿದ್ದು 2000ದ ಮೇ ತಿಂಗಳಲ್ಲಿ. 1991ರಲ್ಲಿ ಬಂದ ದೂರು 1998ರಲ್ಲಿ ಬಂದದ್ದರ ಜೊತೆ ಒಂದೇ ಬಂಡಿ ಹತ್ತಿದೆ, ಮೊದಲು ಬಂದವನು ಕೊನೆಗೆ ಬಂದವನಿಗೋಸ್ಕರ ಕಾದ ಹಾಗೆ. ಬರೀ ಜಾಯಿಂಡರಿನಿಂದಲೇ ಇಷ್ಟು ತಡ ಆಯ್ತು ಅಂತ ನಾನು ಹೇಳಲ್ಲ, ಈ ಆಯೋಗದಲ್ಲಿ ಒಂಟಿ ಫೈಲುಗಳೂ ಆಮೆ ನಡಿಗೆಯೇ, ಸದಸ್ಯರು ಪಾರ್ಟ್ ಟೈಮ್, ಸೆಷನ್ನಿಂದ ಸೆಷನ್ನಿಗೆ ಮುಂದೂಡಿಕೆ, ಸರ್ಕಾರ ಉತ್ತರ ಕೊಡಲ್ಲ, ನೆನಪೋಲೆ ಕಳಿಸ್ತಾರೆ, ಮತ್ತೆ ಕೊಡಲ್ಲ. ಆದ್ರೂ ಒಟ್ಟು ಸೇರಿದಾಗ ಒಬ್ಬೊಬ್ಬರ ಕಥೆ ಸವೆದು ಹೋಗುತ್ತೆ ಅನ್ನೋದು ನಿಜ. ಆ ಮೂವತ್ತಮೂರರಲ್ಲಿ 171/97 ಯಾರದ್ದು, 188/97 ಯಾರದ್ದು, ಆಕೆ ಕೇಳಿದ್ದು ಏನು ಅಂತ ತೀರ್ಮಾನ ಓದಿದ್ರೆ ಬಿಡಿಯಾಗಿ ಸಿಗಲ್ಲ. ದುಡ್ಡು ಎಷ್ಟು ಅಂತ ಒಬ್ಬೊಬ್ಬರಿಗೆ ಲೆಕ್ಕ ಹಾಕಿಯೂ ಕೊಟ್ಟಿಲ್ಲ.

ಒಗೋನಿ ಜನರ ಪರ ಹೋರಾಡಿದ ನೈಜೀರಿಯಾದ ಲೇಖಕ ಕೆನ್ ಸಾರೋ ವಿವಾ ಕೇಸೂ ಜಾಯಿಂಡರಿನದ್ದೇ, 137/94, 139/94, 154/96, 161/97. ಇಲ್ಲಿ ನಾಲ್ಕು ದೂರೂ ಒಬ್ಬ ಮನುಷ್ಯನ ಮತ್ತು ಅವನ ಜೊತೆಗಾರರ ಸುತ್ತ. ಈ ನಂಬರುಗಳ ಮಧ್ಯೆ ಏನಾಯ್ತು ಗೊತ್ತಾ, ಗಲ್ಲಿಗೆ ಹಾಕ್ಬೇಡಿ, ತಡೀರಿ ಅಂತ ಆಯೋಗ ನೈಜೀರಿಯಾಕ್ಕೆ ಕೇಳ್ಕೊಳ್ತು, ನೈಜೀರಿಯಾ 1995ರ ನವೆಂಬರ್ 10ಕ್ಕೆ ಗಲ್ಲಿಗೇರಿಸೇ ಬಿಡ್ತು. ಅಂದ್ರೆ ಮೊದಲ ಎರಡು ದೂರು ಬಂದಾಗ ಅವನು ಬದುಕಿದ್ದ, 96 ಮತ್ತು 97ರ ದೂರುಗಳು ಬರೋ ಹೊತ್ತಿಗೆ ಮನುಷ್ಯನೇ ಇಲ್ಲ. 1998ರ ಅಕ್ಟೋಬರ್‌ನಲ್ಲಿ ಒಟ್ಟಿಗೆ ತೀರ್ಮಾನ, ಹೌದು ಉಲ್ಲಂಘನೆ ಆಗಿದೆ ಅಂತ. ತುರ್ತು ಆದೇಶಕ್ಕೆ ಸರ್ಕಾರ ಕಿವಿಗೊಡದಿದ್ರೆ ಇವರ ಹತ್ರ ಪೊಲೀಸ್ ಇಲ್ಲ, ಸೈನ್ಯ ಇಲ್ಲ. ಉಳಿದ ಒಂದು ಸ್ಟಾರ್ ಹೋಗಿದ್ದು ಇಲ್ಲಿ, ತಪ್ಪು ಅವರದ್ದಲ್ಲ ಅಂತ ಗೊತ್ತು, ಆದ್ರೆ ಬಳಸೋರಿಗೆ ಸಿಗೋ ಫಲ ನೋಡಿ ತಾನೇ ರೇಟಿಂಗ್ ಕೊಡೋದು.

ಅಂದಹಾಗೆ ಡಾರ್ಫರ್ ಕೂಡ ಇದೇ ದಾರೀಲಿ ಬಂದಿದ್ದು, 279/03 ಮತ್ತು 296/05, ಎರಡು ಬೇರೆ ಸಂಸ್ಥೆಗಳು ಸುಡಾನ್ ಮೇಲೆ ಹಾಕಿದ್ದು, ಸೇರಿಸಿ 2009ರಲ್ಲಿ ತೀರ್ಮಾನ. ಹಳ್ಳಿ ಸುಟ್ಟು ಊರು ಬಿಟ್ಟವರಿಗೆ ಸುಡಾನಿನ ಕೋರ್ಟು ಹತ್ತಿ ಬಾ ಅನ್ನಲಿಲ್ಲ. ಅನುವಾಕ್ ದೂರನ್ನ ತಿರಸ್ಕರಿಸಿದ ಅದೇ ಆಯೋಗ! ಅನುವಾಕ್ ಜೊತೆ ಇನ್ನೊಂದೆರಡು ದೂರು ಬಂದಿದ್ರೆ, ಒಂದು ಘಟನೆ ಅಲ್ಲ ಒಂದು ಧಾಟಿ ಅಂತ ತೋರ್ಸೋಕಾಗಿದ್ರೆ ಏನಾಗ್ತಿತ್ತೋ ಅಂತ ನಾನು ಆಗಾಗ ಯೋಚಿಸ್ತೀನಿ.

ಗೆದ್ದ ಮೇಲೆ ಏನು ಅಂತ ಕೇಳೋರಿಗೆ ಕೀನ್ಯಾದ ಎಂಡೊರೊಯಿಸ್ ಜನರ ಕೇಸು ಹೇಳ್ತೀನಿ, 276/03. ಬೊಗೋರಿಯಾ ಸರೋವರದ ಸುತ್ತ ಇದ್ದವರನ್ನ ವನ್ಯಜೀವಿ ಮೀಸಲು ಅಂತ ಎಬ್ಬಿಸಿದ್ದು 1970ರ ದಶಕದಲ್ಲಿ, ದೂರು 2003ರಲ್ಲಿ, ಗೆಲುವು ಅಧಿಕೃತವಾಗಿ ಹೊರಗೆ ಬಂದಿದ್ದು 2010ರಲ್ಲಿ, 2013ರಲ್ಲಿ ಆಯೋಗ ಮತ್ತೆ ಕೂತು ದಯವಿಟ್ಟು ಜಾರಿ ಮಾಡಿ ಅಂತ ಕೀನ್ಯಾಕ್ಕೆ ಇನ್ನೊಂದು ನಿರ್ಣಯ ಬರೀಬೇಕಾಯ್ತು.

ಹಾಗಿದ್ರೆ ಅರೂಷಾದಲ್ಲಿರೋ ಆಫ್ರಿಕನ್ ಕೋರ್ಟಿಗೇ ಹೋಗಬಹುದಲ್ಲ ಅಂತೀರಾ. ಹೋಗಬಹುದು, ಅವರ ತೀರ್ಪಿಗೆ ಬಂಧಿಸೋ ಬಲ ಇದೆ. ಆದ್ರೆ ಸಾಮಾನ್ಯ ಜನ ನೇರ ಹೋಗ್ಬೇಕಂದ್ರೆ ಅವರ ದೇಶ ಅದಕ್ಕೆ ಅಂತಾನೇ ಬೇರೆ ಘೋಷಣೆ ಮಾಡಿರ್ಬೇಕು, ಮಾಡಿದವರೇ ಬೆರಳೆಣಿಕೆ, ಅದರಲ್ಲೂ ರುವಾಂಡಾ, ಟಾಂಜಾನಿಯಾ, ಬೆನಿನ್, ಕೋತ್ ದಿವಾರ್ ವಾಪಸ್ ತಗೊಂಡಿವೆ. ಟಾಂಜಾನಿಯಾ ಅಂದ್ರೆ ಕೋರ್ಟ್ ಇರೋ ದೇಶವೇ. ಹಾಗಾಗಿ ಬಹಳ ಜನರಿಗೆ ಉಳಿಯೋದು ಬಾಂಜುಲ್ ಒಂದೇ.

ಯಾರಿಗೆ ರೆಕಮೆಂಡ್ ಮಾಡ್ತೀನಿ? ನಾಳೆ ಬೆಳಿಗ್ಗೆಗೆ ಪರಿಹಾರ ಬೇಕಾದವರಿಗೆ ಅಲ್ಲ. ತಮಗಾದದ್ದು ಬೇರೆಯವರಿಗೂ ಆಗಿದೆ ಅಂತ ಗೊತ್ತಿರೋರಿಗೆ, ದಾಖಲೆ ಜೋಡಿಸೋ ತಾಳ್ಮೆ ಇರೋ ಸಂಸ್ಥೆಗಳಿಗೆ ಖಂಡಿತ. ಹಾಕೋ ಮುಂಚೆ ಅದೇ ದೇಶದ ಮೇಲೆ ಆಯೋಗದ ಹಳೇ ತೀರ್ಮಾನಗಳನ್ನ ಓದಿ, ನಿಮ್ಮ ಘಟನೆಯ ಧಾಟಿ ಅವುಗಳಲ್ಲಿ ಎಲ್ಲಿ ಕಾಣುತ್ತೆ ಅಂತ ನಂಬರ್ ಸಮೇತ ದೂರಲ್ಲೇ ಬರೀರಿ, ಜೊತೆಗೆ ದೂರು ಹಾಕಿರೋ ಬೇರೆಯವರು ಗೊತ್ತಿದ್ರೆ ಸೇರಿಸಿ ನೋಡಿ ಅಂತ ನೀವೇ ಕೇಳಿ, ಅವರಾಗೇ ಗಮನಿಸ್ತಾರೆ ಅಂತ ಕಾಯ್ಬೇಡಿ. ಕೋರ್ಟಿಗೆ ಯಾಕೆ ಹೋಗೋಕಾಗ್ಲಿಲ್ಲ ಅನ್ನೋದಕ್ಕೆ ಕಾನೂನಿನ ಪ್ರತಿ, ತಿರಸ್ಕಾರದ ಪತ್ರ, ವಕೀಲ ಸಿಗದಿದ್ರೆ ಯಾರನ್ನ ಕೇಳಿದ್ರಿ ಅನ್ನೋ ವಿವರ, ಏನಿದ್ಯೋ ಎಲ್ಲಾ ಲಗತ್ತಿಸಿ. ಬೈಗುಳ ಎಷ್ಟೇ ನ್ಯಾಯವಾಗಿದ್ರೂ ಕರಡಿನಲ್ಲೇ ಬಿಟ್ಟು ಕಳಿಸೋ ಪ್ರತಿಯಿಂದ ತೆಗೆದುಹಾಕಿ, ಏನಾಯ್ತು, ಯಾವತ್ತು, ಯಾರು ಮಾಡಿದ್ರು ಅನ್ನೋದಷ್ಟೇ ಇಡಿ. ಕೊನೇ ಕೋರ್ಟಿನ ಆದೇಶ ಕೈಗೆ ಬಂದ ದಿನಾಂಕವನ್ನ ಮೊದಲ ಪುಟದಲ್ಲೇ ಹಾಕಿ, ಆರು ತಿಂಗಳೊಳಗೆ ಪೋಸ್ಟ್ ಮಾಡಿ, ದಾಟಿದ್ರೆ ಯಾಕೆ ದಾಟ್ತು ಅಂತ ಅದೇ ಪುಟದಲ್ಲಿ ಕಾರಣ ಕೊಡಿ.